ಕೊಂಡಿ ಹಾಕಾಕ ಹೋದಾಂವ

ನಾನು ನಿವೃತ್ತನಾದದ್ದು ಇಪ್ಪತ್ತೇಳನೆಯ ವಯಸ್ಸಿಗೆ. ನಗಬೇಡಿ. ಕ್ರಿಕೆಟ್ ಆಡುವವರು ಮೂವತ್ತೈದಕ್ಕೆ ನಿವೃತ್ತರಾದರೆ ಕಣ್ಣಲ್ಲಿ ನೀರು ತರುತ್ತೀರಿ. ಯೂಟ್ಯೂಬಿನಲ್ಲಿ ಸುದ್ದಿ ಓದುವವನ ಗಂಟಲು ಅವರ ಮೊಣಕಾಲಿಗಿಂತ ಬೇಗ ಸವೆಯುತ್ತದೆ. ನನ್ನ ಬೀಳ್ಕೊಡುಗೆಯೂ ಕ್ರಮಬದ್ಧವಾಗಿಯೇ ಆಯಿತು. ನಮ್ಮ ಸಂಪಾದಕರು ಶೇಖಪ್ಪ ಸರ್ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು, ಕ್ಯಾಮೆರಾದ ಮೌಲಾ ಫೋಟೋ ಹೊಡೆದ. ಫೋಟೋ ಆದಮೇಲೆ ಶಾಲು ವಾಪಸ್ ಕೊಟ್ಟೆ. ಅದು ಚಾನೆಲ್‌ನ ಶಾಲು, ಮರುದಿನ ಇನ್ನೊಬ್ಬರ ಸನ್ಮಾನ ಇತ್ತು. ಹಣ್ಣು ಪ್ಲಾಸ್ಟಿಕ್ಕಿನವು. "ಬಾಳಿಹಣ್ಣ ಒಂದ ಖರೆ ಐತಿ, ಅದನ್ನ ತಿನ್ನಬಹುದು" ಎಂದು ಸರ್ ಕಿವಿಯಲ್ಲಿ ಹೇಳಿದರು. ತಿಂದೆ. ಹೀಗೆ ನನ್ನ ಸೇವಾವಧಿ ಮುಗಿಯಿತು.

ಈಗ ಬಾಗಲಕೋಟೆಯಲ್ಲಿ ಓಣಿಗೊಂದು ಚಾನೆಲ್ ಇದೆ. ಮೈಕಿಗೆ ಟೋಪಿ ಹಾಕಿಕೊಂಡು ಹೊರಟ ತಮ್ಮ ತಂಗಿಯರನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡಿದಾಗಲೆಲ್ಲ ಎರಡು ಮಾತು ಹೇಳಬೇಕು ಅನ್ನಿಸುತ್ತದೆ. ಎದುರಿಗೆ ಹೇಳಿದರೆ ನನ್ನನ್ನೇ ಬೈಟ್ ತೆಗೆದುಕೊಳ್ಳುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು 'ಹಿನ್ನೀರು ಸುದ್ದಿ'. ನವನಗರದಲ್ಲಿ ರತ್ನಕ್ಕ ಎಂಬುವರ ಮನೆಯ ಮುಂದಿನ ಖೋಲಿ ನಮ್ಮ ಕಚೇರಿ, ಸ್ಟುಡಿಯೋ, ಮಧ್ಯಾಹ್ನ ಮೌಲಾ ಮಲಗುವ ಜಾಗ, ಎಲ್ಲವೂ. ಹೊರಗಿನ ಗದ್ದಲ ಬರದಂತೆ ಗೋಡೆಗೆ ಹಳೆಯ ಗಾದಿ ನಿಲ್ಲಿಸಿದ್ದೆವು. ಬಾಗಿಲಾಚೆ ರತ್ನಕ್ಕನ ಅಡುಗೆಮನೆ. ಗಾದಿ ಜಗತ್ತಿನ ಎಲ್ಲ ಸದ್ದನ್ನೂ ತಡೆಯುತ್ತಿತ್ತು, ರತ್ನಕ್ಕನ ಕುಕ್ಕರಿನ ಸೀಟಿಯೊಂದನ್ನು ಬಿಟ್ಟು. ನಮ್ಮ ಹಳೆಯ ವಿಡಿಯೋ ನೋಡಿ: ಮಂತ್ರಿಗಳ ರಾಜೀನಾಮೆ, ಸೀಟಿ. ಈರುಳ್ಳಿ ದರ, ಎರಡು ಸೀಟಿ.

ಶೇಖಪ್ಪ ಸರ್ ಮೊದಲು ಫ್ಲೆಕ್ಸ್ ಬ್ಯಾನರ್ ಮಾಡುತ್ತಿದ್ದವರು. ಸುದ್ದಿಯನ್ನೂ ಅದೇ ಅಳತೆಯಲ್ಲಿ ನೋಡುತ್ತಿದ್ದರು. ಕಳ್ಳತನ ಆದರೆ "ಇದು ನಾಕ ಬೈ ಆರು" ಎನ್ನುವರು. ಪ್ರೇಮಿಗಳು ಓಡಿಹೋದರೆ "ಎಂಟ ಬೈ ಹತ್ತು, ಬಾರ್ಡರ್ ಹಾಕು". ನನಗೆ ಕೊಟ್ಟ ಹುದ್ದೆ ನಿರೂಪಕ. ಮಾಡಿಸಿದ್ದು ಎಲ್ಲರ ದನಿ. ಸಣ್ಣವನಿದ್ದಾಗಿಂದ ಕಂಡವರ ದನಿ ತೆಗೆದು ಕಂಡವರಿಂದ ಏಟು ತಿಂದವನು ನಾನು. ಸಾಲಿಯಲ್ಲಿ ಹೆಡ್‌ಮಾಸ್ತರರ ದನಿಯಲ್ಲಿ ರಜೆ ಘೋಷಿಸಿದಾಗ ಹೆಡ್‌ಮಾಸ್ತರರೂ ಚೀಲ ಹಿಡಿದು ಮನೆಗೆ ಹೊರಟಿದ್ದರು. ಚಾನೆಲ್‌ನಲ್ಲಿ 'ಗುರುತು ಹೇಳಲಿಚ್ಛಿಸದ ರೈತ', 'ನೊಂದ ಮಹಿಳೆ', 'ಉನ್ನತ ಮೂಲಗಳು', ಮೂವರೂ ನಾನೇ. ಒಮ್ಮೆ ಉನ್ನತ ಮೂಲಗಳಿಗೆ ನೆಗಡಿ ಆಗಿ ನೊಂದ ಮಹಿಳೆಗೂ ಅದೇ ದಿನ ನೆಗಡಿ ಬಂದಿತ್ತು.

ಪ್ರಮಾದಗಳಿಗೇನೂ ಬರ ಇರಲಿಲ್ಲ. ಮಲಪ್ರಭೆಗೆ ನೀರು ಬಂದಾಗ ನಮ್ಮನ್ನು ಪಟ್ಟದಕಲ್ಲಿಗೆ ಓಡಿಸಿದರು. ಹೋಗಿ ನೋಡಿದರೆ ಪ್ರವಾಹ ಆಗಲೇ ಇಳಿದು ಪಾದ ಮುಳುಗುವಷ್ಟು ಉಳಿದಿತ್ತು. ಸರ್ ಫೋನಿನಲ್ಲಿ ಎದೆಮಟ್ಟ ನೀರು ಬೇಕೇ ಬೇಕು ಎಂದರು. ನಾನು ಮೊಣಕಾಲೂರಿ ಕೂತು, ಇನ್ನೂ ಸಾಲದೆ ಅಂಗಾತ ವಾಲಿ, ಜೀವದ ಹಂಗು ತೊರೆದು ವರದಿ ಒಪ್ಪಿಸುತ್ತಿದ್ದೆ. ನನ್ನ ಹಿಂದೆ ಎಮ್ಮೆಯೊಂದು ಗೊರಸು ತೋಯಿಸಿಕೊಳ್ಳುತ್ತ ಅತ್ತಿಂದ ಇತ್ತ ನಡೆದುಹೋಯಿತು, ಅದರ ಹಿಂದೆ ಸೈಕಲ್ ಮೇಲೆ ಹಾಲಿನವನು. ಬಾದಾಮಿಯಲ್ಲಿ ಮಂಗ ನನ್ನ ಮೈಕಿನ ಟೋಪಿ ಕಿತ್ತುಕೊಂಡು ಬಂಡೆ ಹತ್ತಿತು. ಚಾನೆಲ್ ಹೆಸರಿದ್ದ ಆ ಟೋಪಿಯನ್ನು ತಲೆಗೆ ಹಾಕಿಕೊಂಡು ಸುಮ್ಮನೆ ನಮ್ಮನ್ನೇ ನೋಡುತ್ತ ಕೂತಿತು. ನಾನು ಓದಿದ ಯಾವ ಸುದ್ದಿಯನ್ನೂ ಅಷ್ಟು ಜನ ನೋಡಿರಲಿಲ್ಲ. ಸರ್ ನನ್ನ ಮುಖವನ್ನೂ ವಿಡಿಯೋದಲ್ಲಿದ್ದ ಮಂಗನ ಮುಖವನ್ನೂ ಬಹಳ ಹೊತ್ತು ಹೋಲಿಸಿ ನೋಡಿದರು.

ಕೆಲಸದ ರೀತಿ ಬದಲಾದದ್ದನ್ನು ಹೇಳಬೇಕು. ನಾನು ಸೇರಿದಾಗ ನಾವು ಸುದ್ದಿ ಹೇಳುತ್ತಿದ್ದೆವು, ಜನ ಕೆಳಗೆ ಕಮೆಂಟ್ ಹಾಕುತ್ತಿದ್ದರು. ಬಿಡುವ ಹೊತ್ತಿಗೆ ಜನ ಕಮೆಂಟ್ ಹಾಕುತ್ತಿದ್ದರು, ನಾವು ಅದನ್ನು ಓದಿ ಸುದ್ದಿ ಅನ್ನುತ್ತಿದ್ದೆವು. ಈ ಬದಲಾವಣೆ ಪೂರ್ತಿ ಆದದ್ದು ಹೊಳಿ ದಂಡಿಯ ನಾಯಿಯ ಪ್ರಕರಣದಲ್ಲಿ. ಅದನ್ನೇ ಹೇಳುತ್ತೇನೆ, ಉಳಿದದ್ದೆಲ್ಲ ಇದರ ಮುಂದೆ ನಾಕ ಬೈ ಆರು.

ನವನಗರದಲ್ಲಿ ವಾಸುದೇವ ಮಾಸ್ತರ್ ಎಂಬ ನಿವೃತ್ತ ಕನ್ನಡ ಶಿಕ್ಷಕರಿದ್ದಾರೆ. ಸಂಜೆ ಹುಡುಗರಿಗೆ ಪುಕ್ಕಟೆ ವ್ಯಾಕರಣ ಹೇಳುತ್ತಾರೆ. ಅವರ ಹತ್ತಿರ ಒಂದು ಮುಧೋಳ ನಾಯಿ, ಹೊಟ್ಟೆಯೇ ಇಲ್ಲದಂತೆ ತೆಳ್ಳಗೆ, ಉದ್ದಕ್ಕೆ. ಯಾರು ಕರೆದರೂ ಹೊರಳಿ ನೋಡದ ಅದರ ಸ್ವಭಾವಕ್ಕೆ ಮಾಸ್ತರ್ 'ಅವ್ಯಯ' ಎಂದು ಹೆಸರಿಟ್ಟಿದ್ದರು. ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ರೂಪ ಬದಲಿಸದ್ದು ಅಂತ ಅರ್ಥ. ಮಾಸ್ತರರ ಮೊಣಕಾಲು ಹಿಡಿದದ್ದರಿಂದ ನಾಯಿಯನ್ನು ದಿನಾ ಬೆಳಿಗ್ಗೆ ಘಟಪ್ರಭೆಯ ಹಿನ್ನೀರಿನ ದಂಡೆಗೆ ಅಡ್ಡಾಡಿಸಿಕೊಂಡು ಬರಲು ಮಲ್ಲೇಶಪ್ಪ ಎಂಬುವನನ್ನು ಇಟ್ಟುಕೊಂಡಿದ್ದರು. ಇಳಕಲ್ಲಿನ ನೇಕಾರರ ಮನೆಯವನು. ಹೆಂಡತಿ ಮಕ್ಕಳು ಅಲ್ಲೇ, ಇವನು ಇಲ್ಲಿ ಒಂದು ಗೋಡೌನಿನಲ್ಲಿ ಕಾವಲಿದ್ದ.

ಒಂದು ದಿನ ಯಾರೋ ಕಾಲೇಜಿನ ಹುಡುಗಿ ಹಿನ್ನೀರಿನ ಸೂರ್ಯೋದಯದ ರೀಲ್ ಹಾಕಿದಳು. ಹಾಡಿನ ಹಿಂದೆ, ಲಕ್ಷ್ಯಗೊಟ್ಟು ಕೇಳಿದರೆ, ಗಂಡಸಿನ ದನಿಯೊಂದು "ಅವ್ವಯ್ಯಾ…" ಎಂದು ಉದ್ದಕ್ಕೆ ಕೂಗುತ್ತದೆ. ಆಮೇಲೆ ಒಂದು ತೆಳ್ಳಗಿನ ನಾಯಿ, ತನ್ನ ಹಗ್ಗವನ್ನು ತಾನೇ ಬಾಯಲ್ಲಿ ಕಚ್ಚಿಕೊಂಡು, ಒಂಟಿಯಾಗಿ ಊರ ಕಡೆ ನಡೆದುಹೋಗುತ್ತದೆ. ನಾಯಿ ಮಾಸ್ತರರದು ಎಂದು ಯಾರೋ ಗುರುತಿಸಿದರು. ಮಲ್ಲೇಶಪ್ಪ ಆ ಬೆಳಿಗ್ಗೆಯಿಂದ ಎಲ್ಲೂ ಕಂಡಿಲ್ಲ, ಫೋನೂ ಹತ್ತುತ್ತಿಲ್ಲ ಎಂದು ಇನ್ಯಾರೋ ಬರೆದರು. ಸಂಜೆಯೊಳಗೆ ಜಿಲ್ಲೆಯ ಪ್ರತಿ ಮೊಬೈಲಿನಲ್ಲೂ ಒಬ್ಬ ಪತ್ತೇದಾರ ಹುಟ್ಟಿದ.

ಸರ್ ಕುರ್ಚಿಯಿಂದ ಎದ್ದೇ ನಿಂತರು. "ಮಂಜ್ಯಾ, ಇಪ್ಪತ್ತ ಬೈ ನಲವತ್ತು" ಎಂದರು.

ನಾವು ಮಾಸ್ತರರ ಮನೆಗೆ ಓಡಿದೆವು. ಮಾಸ್ತರ್ ಪಾಪ ಕ್ಯಾಮೆರಾ ಕಂಡು ಅಂಗಿಯ ಮೇಲೆ ಕೋಟು ಹಾಕಿಕೊಂಡು ಬಂದು, ಪಾಠ ಒಪ್ಪಿಸಿದಂತೆ, ಮಲ್ಲೇಶಪ್ಪನನ್ನೂ ಮಲ್ಲಿಕಾರ್ಜುನನನ್ನಾಗಿ ತಿದ್ದಿ, ಹೇಳಿದರು: ಆ ದಿನ ಬೆಳಿಗ್ಗೆ ಮಲ್ಲಿಕಾರ್ಜುನನು "ಕೊಂಡಿ ಹಾಕಿ ಹೋಗುತ್ತೇನೆ" ಎಂದು ಹೇಳಿದನು. ಗೇಟಿನ ಕೊಂಡಿ ಇರಬಹುದೆಂದು ತಾವು ಭಾವಿಸಿದರು. ಮೋಟರ್ ಓಡುತ್ತಿದ್ದುದರಿಂದ ಮುಂದಿನ ಮಾತು ಕೇಳಿಸಲಿಲ್ಲ. ನಾಯಿಯು ಎಂದಿನಂತೆ ಹಗ್ಗ ಕಚ್ಚಿಕೊಂಡು ಮರಳಿತು. ಅವನು ಮರಳಲಿಲ್ಲ. ಇಷ್ಟೇ.

ಈ ಇಷ್ಟೇ ಸಾಕಾಯಿತು. ನಾನು ಚಾನೆಲ್ ಕನ್ನಡದಲ್ಲಿ "ಶ್ವಾನಪಾಲಕ ಮಲ್ಲಿಕಾರ್ಜುನ ನಿಗೂಢ ಕಣ್ಮರೆ" ಎಂದು ಓದಿದೆ. ಕೆಳಗೆ ಕಮೆಂಟುಗಳು ಇರುವೆ ಸಾಲಿನಂತೆ ಹರಿದವು. 'ಹುಲಿ ಹುನಗುಂದ' ಎಂಬುವನು ಕೊಂಡಿ ಅಂದರೆ ಚೇಳಿನ ಕೊಂಡಿ, ವಿಷ ಹಾಕಿ ಕೊಂದಾರೆ ಎಂದ. ಅಚ್ಚಗನ್ನಡದ ಅಭಿಮಾನಿಯೊಬ್ಬ, ಮಿಂಬಲೆಯಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ, ಲಿಂಕಿಗೆ ಕೊಂಡಿ ಅನ್ನುತ್ತಾರೆ, ಇದು ಆನ್‌ಲೈನ್ ವಂಚನೆಯ ಜಾಲ ಎಂದ. ಅದರ ಕೆಳಗೆ ನಲವತ್ತು ಮಂದಿ "ಕೊಂಡಿ ಕಳಿಸಿ" ಎಂದು ಕೇಳಿದರು. 'ಶಿರೂರ ಸಿಂಹ' ಹೊಳೆಯ ನಕಾಶೆ ಬರೆದು ಹೆಣ ಎಲ್ಲಿ ತೇಲಬೇಕು ಎಂದು ಬಾಣ ಹಾಕಿದ. ಅವನ ಬಾಣದ ಪ್ರಕಾರ ಘಟಪ್ರಭೆ ಗೋಕಾಕದ ಕಡೆ ಏರಿ ಹರಿಯುತ್ತಿತ್ತು. ಕಮತಗಿಯ ಒಬ್ಬಾಕೆ ಮಾತ್ರ ನಾಯಿಯನ್ನೇ ಹಿಡಿದುಕೊಂಡಳು: ಹಗ್ಗ ಕಚ್ಚಿಕೊಂಡು ಹೋಗೋದು ನೋಡ್ರಿ, ಸಾಕ್ಷಿ ನಾಶ ಮಾಡಾಕತ್ತೈತಿ.

ಆದರೆ ಎಲ್ಲ ದಾರಿಗಳೂ ಕೊನೆಗೆ ಮಾಸ್ತರರ ಗೇಟಿಗೇ ಬಂದು ನಿಂತವು. ಅವನ ಜೊತೆ ಕೊನೆಗೆ ಮಾತಾಡಿದವರು ಅವರು. ಕೋಟು ಯಾಕೆ ಹಾಕಿಕೊಂಡರು? ಮುಖದಲ್ಲಿ ದುಃಖ ಯಾಕಿಲ್ಲ? "ಹೇಳಿದನು, ಮರಳಲಿಲ್ಲ" ಎಂದು ಇಷ್ಟು ತಪ್ಪಿಲ್ಲದ ಕನ್ನಡ ಮಾತಾಡುವ ಮನುಷ್ಯ ಮೊದಲೇ ಬಾಯಿಪಾಠ ಮಾಡಿರಬೇಕು.

ನಾವು ಹೊಳಿ ದಂಡೆಯಲ್ಲಿ ಚಾದಂಗಡಿ ಇಟ್ಟಿರುವ ಶಾಂತವ್ವನನ್ನೂ ಕೇಳಿದೆವು. ಸರ್ ಫೋನಿನಲ್ಲೇ ಪ್ರಶ್ನೆ ಕೊಟ್ಟಿದ್ದರು: ಅವನು ಹೊಳೆಗೆ ಬೀಳುವುದನ್ನು ನೋಡಿದಿರಾ? ನೋಡಿಲ್ಲ ಎಂದಳು. ನಾಯಿ ಒಂಟಿಯಾಗಿ ಹೋಯಿತೆ? ಹೋಯಿತು ಎಂದಳು. ಅವನು ಅದರ ಹಿಂದೆ ಊರಿಗೆ ಹೋದನೆ? ಇಲ್ಲ. ಮೂರಕ್ಕೂ ಖರೆ ಉತ್ತರ. ಸಂಜೆ ನಾವು ಹಾಕಿದ ತಲೆಬರಹ: 'ಬೀಳುವುದನ್ನು ನಾನು ನೋಡಿಲ್ಲ: ಪ್ರತ್ಯಕ್ಷದರ್ಶಿ'.

ಮಾಸ್ತರರ ಮನೆಗೆ ಸಂಜೆ ಬರುವ ಹುಡುಗರು ನಿಂತರು. ಹಾಲಿನವನು ಗೇಟಿಗೆ ಚೀಲ ಸಿಗಿಸಿ ಓಡತೊಡಗಿದ. ಪೊಲೀಸರು ಮನೆಯವರು ಬಂದು ದೂರು ಕೊಡಲಿ, ನೋಡೋಣ ಎಂದಿದ್ದರು. ಆದರೆ ಪತ್ತೇದಾರರಿಗೆ ತಾಳ್ಮೆ ಇರಲಿಲ್ಲ. ಒಂದು ಬೆಳಿಗ್ಗೆ ಗೇಟಿನ ಮೇಲೆ ಕೆಂಪು ಬಣ್ಣದಲ್ಲಿ 'ಕೋಲೆಗಾರ' ಎಂದು ಬರೆದಿತ್ತು. ನಾನೂ ಮೌಲಾನೂ ಹೋದಾಗ ಮಾಸ್ತರ್ ಒಂದು ಚಿಂದಿಗೆ ಸೀಮೆಎಣ್ಣೆ ಹಚ್ಚಿಕೊಂಡು ಒರೆಸುತ್ತ ನಿಂತಿದ್ದರು. ಪೂರ್ತಿ ಒರೆಸುತ್ತಾರೆ ಎಂದುಕೊಂಡೆ. ಇಲ್ಲ. 'ಕೋ'ದ ದೀರ್ಘವನ್ನಷ್ಟೇ ಅಳಿಸಿ 'ಕೊಲೆಗಾರ' ಮಾಡಿ, ಕೈ ಒರೆಸಿಕೊಂಡು ಒಳಗೆ ಹೋದರು.

ಮೌಲಾ ಅದನ್ನು ಶೂಟ್ ಮಾಡಲಿಲ್ಲ. ಯಾಕಲೇ ಅಂದರೆ ಬ್ಯಾಟರಿ ಇಲ್ಲ ಎಂದ. ಬ್ಯಾಟರಿ ಪೂರಾ ಇತ್ತು.

ರವಿವಾರ ಮುಂಜಾನೆ ಮಾಸ್ತರರ ಮನೆಗೆ 'ಸತ್ಯಶೋಧನಾ ನಡಿಗೆ' ಎಂದು ಯಾರೋ ಘೋಷಿಸಿದರು. ಬಾಗಲಕೋಟೆ, ಬಾದಾಮಿ, ಹುನಗುಂದದಿಂದೆಲ್ಲ ಬರುತ್ತೇವೆ ಎಂದು ಜನ ಕೈ ಎತ್ತಿದರು. ಮಾಸ್ತರ್ ಬಾಯಿ ಬಿಡುವ ತನಕ ಗೇಟು ಬಿಡುವುದಿಲ್ಲವಂತೆ. ಸರ್ ನೇರಪ್ರಸಾರಕ್ಕೆ ಸಿದ್ಧತೆ ಮಾಡಿದರು. ಅದಕ್ಕೆ ಮೊದಲು ಒಂದು 'ಮರುಸೃಷ್ಟಿ' ಬೇಕು: ಮಲ್ಲಿಕಾರ್ಜುನನ ಕೊನೆಯ ಮಾತುಗಳು. ವಾರವಿಡೀ ಅವನ ದನಿ ಅಂತ ಜನ ಕೇಳಿದ್ದು ನನ್ನದೇ. ಮನುಷ್ಯನನ್ನು ನಾನು ಕಂಡವನೇ ಅಲ್ಲ, ನೇಕಾರ ಅಂದಕೂಡಲೇ ಒಂದು ದಪ್ಪ ದನಿ ಹೊಂದಿಸಿದ್ದೆ, ಅಷ್ಟೇ.

ಶನಿವಾರ ಬೆಳಿಗ್ಗೆ ಗಾದಿಗಳ ನಡುವೆ ನಿಂತು "ಕೊಂಡಿ ಹಾಕಿ ಹೋಗುತ್ತೇನೆ" ಅಂದೆ. ಬಾಯಿಗೆ ಕೂಡಲಿಲ್ಲ. ಇಳಕಲ್ಲಿನವನು ಯಾಕೆ ಹೀಗೆ ಮಾತಾಡುತ್ತಾನೆ? ದನಿ ಕದಿಯುವವನಿಗೆ ಬೇರೆ ನೀತಿ ಇರಲಿಕ್ಕಿಲ್ಲ, ಮಾತಿನ ಏರಿಳಿತ ತಪ್ಪಿದರೆ ಮಾತ್ರ ಮುಂದಕ್ಕೆ ಹೋಗಲು ಆಗುವುದಿಲ್ಲ. ಮಾಸ್ತರರಿಗೆ ಫೋನ್ ಹಚ್ಚಿ, ಅವನು ಆಡಿದ ಮಾತು ಇದೇನಾ ಎಂದು ಕೇಳಿದೆ.

"ಅಂವ ತನ್ನ ಭಾಷಾದಾಗ ಹೇಳ್ಯಾನಪಾ. ನಾ ಅದನ್ನ ಶುದ್ಧ ಮಾಡಿ ನಿಮಗ ಹೇಳೀನಿ."

"ಶುದ್ಧ ಮಾಡೂಕಿಂತ ಮೊದಲಿಂದು ಹೇಳ್ರಿ ಸರ್."

ತಪ್ಪು ಕನ್ನಡ ಬಾಯಿಗೆ ತರಲು ಮಾಸ್ತರರಿಗೆ ಕಷ್ಟವಾಗುತ್ತಿತ್ತು. ಆಮೇಲೆ ಸಣ್ಣ ದನಿಯಲ್ಲಿ, "ಕೊಂಡಿ ಹಾಕಾಕ ಹೊಂಟೇನ್ರಿ ಮಾಸ್ತರ್ರ" ಎಂದರು.

ನಾನು ಮೈಕಿನ ಮುಂದೆ ಅದನ್ನೇ ಅಂದೆ. ದಪ್ಪಗೆ ಅಂದೆ, ತೆಳ್ಳಗೆ ಅಂದೆ, ಸಾಯುವವನಂತೆ ಅಂದೆ. ಬಾಗಿಲಾಚೆ ರತ್ನಕ್ಕ ರವಾ ಜರಡಿ ಹಿಡಿಯುತ್ತಿದ್ದಳು. ನಾಲ್ಕನೆಯ ಸಲ ಅಂದಾಗ ಜರಡಿ ನಿಂತಿತು.

"ಯಾರ ಮನಿ ಮಗ್ಗಕ್ಕ?" ಎಂದು ಕೇಳಿದಳು.

ನನಗೆ ತಿಳಿಯಲಿಲ್ಲ. ರತ್ನಕ್ಕ ಬಾಗಿಲು ತೆರೆದು ರವಾ ಕೈಯಲ್ಲೇ ಒಳಗೆ ಬಂದಳು. ಅವಳ ತವರೂ ಇಳಕಲ್ಲೇ. ಸೀರೆಯ ಮೈ ಬೇರೆ ಬಣ್ಣ, ದಡಿ ಬೇರೆ ಬಣ್ಣ ಇದ್ದಾಗ ಎರಡರ ನೂಲನ್ನೂ ಒಂದಕ್ಕೊಂದು ಸಿಗಿಸಿ ನೇಯಬೇಕು, ಅದಕ್ಕೇ ಕೊಂಡಿ ಅನ್ನೋದು ಎಂದು ತನ್ನ ಸೆರಗಿನ ದಡಿ ಹಿಡಿದು ತೋರಿಸಿದಳು. ಒಬ್ಬರಿಂದ ಆಗುವ ಕೆಲಸ ಅಲ್ಲ; ನೇಯುವವರ ಪಕ್ಕಕ್ಕೆ ಇನ್ನೊಬ್ಬರು ಕೂತು ದಡಿಯ ಲಾಳಿ ಒಗೆಯುತ್ತ ಇರಬೇಕು. "ಮದಿವಿ ಸೀರಿ ಇದ್ದಾಗ ಮಂದಿನ ಕರಸ್ತಾರ. ಸೀರಿ ಇಳಿಯೂತನಾ ಏಳೂದಿಲ್ಲ. ಇಷ್ಟ ದಿನದಿಂದ ನೀವು ಹಾಕಿ ಹಾಕಿ ಅಂತ ಒದರತಿದ್ರಿ, ಗೇಟಿಂದ ಇರಬೇಕ ಅಂತ ನಾನೂ ಸುಮ್ಮನಿದ್ದೆ."

ಹಾಕಿ ಹೋಗುವುದು ಬೇರೆ, ಹಾಕಾಕ, ಅಂದರೆ ಹಾಕಲೆಂದು, ಹೋಗುವುದು ಬೇರೆ. ನಮ್ಮ ಕಡೆ ಎರಡು ವರ್ಷದ ಕೂಸಿಗೂ ಗೊತ್ತಿರುವ ಭೇದ ಇದು. ಶುದ್ಧ ಮಾಡುವ ಭರದಲ್ಲಿ ಒಂದು ಅಕ್ಷರ ತೊಳೆದುಹೋಗಿ, ಮನುಷ್ಯನೇ ತೊಳೆದುಹೋಗಿದ್ದ.

ಚಾನೆಲ್‌ನ ಓಮ್ನಿಯಲ್ಲಿ ಮೌಲಾ ಮತ್ತು ನಾನು ಇಳಕಲ್ಲಿಗೆ ಹೊರಟೆವು. ಹುನಗುಂದದಲ್ಲಿ ಚಾ ಕುಡಿಯಲು ನಿಂತರೆ ಅಂಗಡಿಯ ಬೆಂಚಿನ ತುಂಬ ಪತ್ತೇದಾರರು. ಒಬ್ಬನಂತೂ ಎದ್ದು ನಿಂತು ನನ್ನದೇ ನಿರೂಪಣೆಯ ಅಣಕ ಮಾಡುತ್ತಿದ್ದ: "ಶ್ವಾನಪಾಲಕನ ಆ ಕಟ್ಟಕಡೆಯ ಕೂಗು…" ಅವನು ನನಗಿಂತ ಚೆನ್ನಾಗಿ ಮಾಡಿದ. ನಾನು ಚಪ್ಪಾಳೆ ಹೊಡೆದು, ಅರ್ಧ ಚಾ ಬಿಟ್ಟು ಗಾಡಿ ಹತ್ತಿದೆ.

ಇಳಕಲ್ಲಿನಲ್ಲಿ ಈಗ ವಿದ್ಯುತ್ ಮಗ್ಗದ ಸದ್ದೇ ಹೆಚ್ಚು. ಕೊಂಡಿ ಸೀರೆ ನೇಯುವ ಮನೆ ಯಾವುದು ಎಂದು ಕೇಳಿದರೆ ಹುಡುಕುವುದು ಕಷ್ಟವಾಗಲಿಲ್ಲ. ತಗ್ಗಿನ ಮಗ್ಗದಲ್ಲಿ ಒಬ್ಬ ಹೆಣ್ಣುಮಗಳು ಕೂತು ನೇಯುತ್ತಿದ್ದಳು, ಅವನ ಹೆಂಡತಿ ಸಾವಿತ್ರವ್ವ. ದಡಿಯ ಪಕ್ಕ ಒಬ್ಬ ಗಂಡಸು ಕೂತು ಲಾಳಿ ಒಗೆಯುತ್ತಿದ್ದ. ಮಗ್ಗದ ಚೌಕಟ್ಟಿಗೆ ಒರಗಿಸಿಟ್ಟ ಫೋನಿನಲ್ಲಿ ನನ್ನದೇ ದನಿ ಒದರುತ್ತಿತ್ತು.

"ಬರ್ರಿ, ಕುಂದರ್ರಿ" ಎಂದ ಅವನು, ಲಾಳಿ ಬಿಡದೆ. "ಸೀರಿ ನೋಡಾಕ ಬಂದೀರೇನು?"

"ಇಲ್ಲರಿ. ನಿಮ್ಮ ಹೆಣ ಹುಡುಕಾಕ ಬಂದೇವಿ" ಎಂದೆ.

ಮಲ್ಲೇಶಪ್ಪನಿಗೆ ವಿಷಯ ತಲೆಗೆ ಹೋಗಲು ತುಸು ಹೊತ್ತು ಹಿಡಿಯಿತು. ಬಂದ ದಿನವೇ ಅವನ ಫೋನು ನೂಲಿನ ಗಂಜಿಯ ಬೋಗಾಣಿಯಲ್ಲಿ ಬಿದ್ದು, ಈಗ ಅಕ್ಕಿ ಡಬ್ಬಿಯಲ್ಲಿ ವಿಶ್ರಾಂತಿಯಲ್ಲಿತ್ತು. ನಮ್ಮ ಚಾನೆಲ್ಲನ್ನು ಮಾತ್ರ ಹೆಂಡತಿಯ ಫೋನಿನಲ್ಲಿ ಒಂದು ದಿನವೂ ಬಿಟ್ಟಿರಲಿಲ್ಲ. ಹಾಗಾದರೆ ಕಣ್ಮರೆಯಾದವನು ತಾನೇ ಎಂದು ಹೇಗೆ ತಿಳಿಯಲಿಲ್ಲ?

"ನೀವು ಶ್ವಾನಪಾಲಕ ಮಲ್ಲಿಕಾರ್ಜುನ ಅಂದ್ರಿ. ಯಾರೋ ದೊಡ್ಡ ಹುದ್ದೆದಾಗ ಇದ್ದಾಂವ ಇರಬೇಕ ಅಂತ ಮಾಡಿದ್ದೆ. ನಾ ನಾಯಿ ಅಡ್ಡಾಡಸಾಂವ ಅಲ್ಲೇನ್ರಿ."

ಕೋಟು ಹಾಕಿದ ಮಾಸ್ತರರ ಗುರುತೂ ಅವನಿಗೆ ಹತ್ತಿರಲಿಲ್ಲ. ಲುಂಗಿ ಬನಿಯನ್ನು ಬಿಟ್ಟು ಬೇರೆಯದರಲ್ಲಿ ಅವರನ್ನು ಕಂಡವನಲ್ಲ. ನಾಯಿಯೋ, ದೂರದಿಂದ ಮುಧೋಳ ನಾಯಿಗಳೆಲ್ಲ ಒಂದೇ. ಇಷ್ಟೇ ಅಲ್ಲ, ನಮ್ಮ ವಿಡಿಯೋದ ಕೆಳಗೆ ಹೆಂಡತಿಯ ಹೆಸರಿನಲ್ಲಿ ಕಮೆಂಟೂ ಹಾಕಿದ್ದ: 'ಶ್ವಾನಪಾಲಕರ ಮನೆಯವರಿಗೆ ದುಃಖ ಸಹಿಸುವ ಶಕ್ತಿ ಬರಲಿ.' ಕೈ ಮುಗಿದ ಚಿತ್ರ ಮೂರು. ಸಾವಿತ್ರವ್ವ ಮಗ್ಗದಿಂದಲೇ, "ನನಗ ಶಕ್ತಿ ಬರ್ಲಿ ಅಂತ ನನ್ನ ಹೆಸರಿಲೆ ನೀನ ಬೇಡೀಯಲ್ಲ" ಎಂದು ಗಂಡನ ಮುಖ ನೋಡಿದಳು.

ಬಾಗಲಕೋಟೆಗೆ ಬಂದು ಮುಖ ತೋರಿಸು ಎಂದೆ. ಅವನು ಏಳಲು ಒಪ್ಪಲಿಲ್ಲ. ಸೀರೆ ಅವನ ತಮ್ಮನ ಮಗಳ ಮದುವೆಯದು, ಸೋಮವಾರ ಮಗ್ಗದಿಂದ ಇಳಿಯಬೇಕು. ನಡುವೆ ಕೈ ಬದಲಾದರೆ ದಡಿಯ ಬಿಗುವು ಬದಲಾಗುತ್ತದೆ, ಹೆಣ್ಣುಮಕ್ಕಳು ಮೊದಲು ನೋಡುವುದು ಅದನ್ನೇ. ಸರಿ ಎಂದು ಅಲ್ಲಿಂದಲೇ ನೇರಪ್ರಸಾರ ಮಾಡಿದೆವು. ಮಲ್ಲೇಶಪ್ಪ ಲಾಳಿ ಒಗೆಯುತ್ತ, ತಾನು ಜೀವಂತ ಇದ್ದೇನೆ ಎಂದು ಮರ್ಯಾದೆಯಿಂದ ಹೇಳಿದ.

ಯಾರೂ ನಂಬಲಿಲ್ಲ. ಇದು ಯಂತ್ರದಿಂದ ಮಾಡಿದ ಮುಖ, ಲಾಳಿ ಎಡಗೈಯಿಂದ ಬಲಗೈಗೆ ಮಾಯವಾಗಿ ಹೋಗುತ್ತದೆ ಎಂದು ಒಬ್ಬ. ಹುಲಿ ಹುನಗುಂದನಂತೂ ಖಚಿತವಾಗಿ ಬರೆದ: ದನಿ ಬ್ಯಾರೆ ಐತಿ, ಖರೆ ಮಲ್ಲಿಕಾರ್ಜುನನ ದನಿ ನಾವು ವಾರದಿಂದ ಕೇಳೇವಿ. ಮಲ್ಲೇಶಪ್ಪ ಅದನ್ನು ಎರಡೆರಡು ಸಲ ಓದಿಸಿಕೊಂಡ.

"ಅವರು ಹೇಳೂದೂ ಬರೋಬ್ಬರಿ ಐತಿ. ನಿಮ್ಮ ದನಿ ನನಗಿಂತ ಭಾರಿ ಐತ್ರಿ" ಎಂದು ನನ್ನನ್ನೇ ಸಮಾಧಾನ ಮಾಡಿದ.

ವೃತ್ತಿಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಅದರಿಂದಲೇ ಮಾಸ್ತರರ ಮನೆಯ ಮುಂದೆ ನಾಳೆ ಕಲ್ಲು ಬೀಳುವುದಿತ್ತು.

ರವಿವಾರ ಬೆಳಿಗ್ಗೆ ಗೇಟಿನ ಮುಂದೆ ಜನ ತುಂಬಿದ್ದರು. ಅರ್ಧ ಜನ ಘೋಷಣೆ ಕೂಗುತ್ತಿದ್ದರು, ಅರ್ಧ ಜನ ಕೂಗುವವರ ವಿಡಿಯೋ ಮಾಡುತ್ತಿದ್ದರು. ಮಾಸ್ತರ್ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು, ಈ ಸಲ ಬನಿಯನ್ನಿನಲ್ಲಿ. ಕಾಲ ಬಳಿ ಅವ್ಯಯ ಮಲಗಿತ್ತು. ವಾರದಿಂದ ಸರಿಯಾಗಿ ಉಂಡಿರಲಿಲ್ಲ, ಅಡ್ಡಾಡಲು ಎದ್ದಿರಲಿಲ್ಲ, ಗದ್ದಲಕ್ಕೆ ಕಿವಿಯನ್ನೂ ಎತ್ತಲಿಲ್ಲ. ಮೌಲಾ ಚಾನೆಲ್‌ನ ಸ್ಪೀಕರನ್ನು ಕಂಪೌಂಡ್ ಮೇಲಿಟ್ಟು ಫೋನು ಜೋಡಿಸಿದ. ನಾನು ಇಳಕಲ್ಲಿಗೆ ವಿಡಿಯೋ ಕರೆ ಹಚ್ಚಿದೆ. ಮಗ್ಗದ ಸದ್ದು ಓಣಿಯ ತುಂಬ ಕೇಳಿಸಿತು.

"ಮಾಸ್ತರ್ರ, ನಾ ಹೇಳೇ ಬಂದಿದ್ದೆನಲ್ರಿ" ಎಂದ ಮಲ್ಲೇಶಪ್ಪ.

"ಸುಳ್ಳು, ಇದು ಮಿಮಿಕ್ರಿ ಮಂಜ್ಯಾ" ಎಂದು ಗುಂಪು ನಕ್ಕಿತು. ನಾನು ಬಾಯಿ ಮುಚ್ಚಿಕೊಂಡು ಎಲ್ಲರಿಗೂ ಕಾಣುವಂತೆ ನಿಂತೆ. ಬಾಯಿ ಮುಚ್ಚಿಯೂ ಮಾಡಬಲ್ಲ ಎಂದು ಯಾರೋ ಅಂದರು. ಒಬ್ಬ ಗೇಟು ಹತ್ತಲು ಕಾಲಿಟ್ಟಿದ್ದ. ಆಗ ಹಿಂದಿನಿಂದ ಯಾವನೋ, ಚೇಷ್ಟೆಗೇ ಇರಬೇಕು, "ಖರೆ ಅಂವ ಇದ್ದರ ನಾಯಿನ ಕರೀಲಿ" ಎಂದ.

ಮಲ್ಲೇಶಪ್ಪ ಗಂಟಲು ಸರಿ ಮಾಡಿ ಕರೆದ.

"ಅವ್ವಯ್ಯಾ…"

ಗೇಟು ಹತ್ತುತ್ತಿದ್ದವನು ಕಾಲು ಕೆಳಗಿಳಿಸಿದ. ಅಲ್ಲಿದ್ದ ಪ್ರತಿಯೊಬ್ಬನೂ ಆ ಕೂಗನ್ನು ಇಯರ್‌ಫೋನ್ ಹಾಕಿಕೊಂಡು ನೂರು ಸಲ ಕೇಳಿದ್ದ. ಸಾಯುವವನು ಅವ್ವನನ್ನೂ ಅಯ್ಯನನ್ನೂ ನೆನೆದದ್ದು ಎಂದು ಕಣ್ಣೀರು ಹಾಕಿದ್ದ. ಅವ್ಯಯ ಎಂಬುದು ಮಲ್ಲೇಶಪ್ಪನ ಬಾಯಲ್ಲಿ ಅವ್ವಯ್ಯ ಆಗಿತ್ತು. ನಾಯಿಗೆ ಗೊತ್ತಿದ್ದ ತನ್ನ ಹೆಸರು ಅದೊಂದೇ.

ನಾಯಿ ಎದ್ದಿತು. ಮೈ ಝಾಡಿಸಿತು. ಮೊಳೆಗೆ ಹಾಕಿದ್ದ ಹಗ್ಗವನ್ನು ಬಾಯಲ್ಲಿ ಕಚ್ಚಿಕೊಂಡು ಗೇಟಿನ ಸಂದಿಯಿಂದ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಹೊಳೆಯ ಕಡೆ ನಡೆಯಿತು. ಸತ್ಯಶೋಧಕರು ದಾರಿ ಬಿಟ್ಟರು. ಆಮೇಲೆ ಬೇರೆ ಏನು ಮಾಡುವುದೆಂದು ತಿಳಿಯದೆ ಅದರ ಹಿಂದೆ ಹೊರಟರು. ಮುಂದೆ ನಾಯಿ, ಹಿಂದೆ ಸತ್ಯ. ಶೇಖಪ್ಪ ಸರ್ ನೇರಪ್ರಸಾರದಲ್ಲಿ ಓಡುತ್ತಿದ್ದರು.

ನಾಯಿ ನೆಟ್ಟಗೆ ಶಾಂತವ್ವನ ಚಾದಂಗಡಿಗೆ ಹೋಗಿ ಬೆಂಚಿನ ಕೆಳಗೆ ಕೂತಿತು. ಶಾಂತವ್ವ ಎರಡು ಬಿಸ್ಕೀಟು ಹಾಕಿದಳು. ತಿಂದು, ಮೂತಿ ನೆಕ್ಕಿಕೊಂಡು, ಹಗ್ಗ ಎತ್ತಿಕೊಂಡು ಬಂದ ದಾರಿಯಲ್ಲಿ ಒಂಟಿಯಾಗಿ ವಾಪಸ್ ನಡೆಯಿತು.

"ದಿನಾ ಹಿಂಗ ಏನು?" ಎಂದು ಕೇಳಿದೆ. ಇಡೀ ವಾರದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಹೊಸಬರು ಇದೊಂದನ್ನು ಮಾತ್ರ ಇಲ್ಲಿಂದ ಒಯ್ದರೂ ಸಾಕು.

"ದಿನಾ ಹಿಂಗ" ಎಂದಳು. "ಅಂವ ಇಲ್ಲಿ ಚಾ ಕುಡಕೋತ ಕುಂದರ್ತಾನ. ಅದು ತಾನ ಮನಿಗೆ ಹೋಗ್ತತಿ."

"ಅವತ್ತ ಅಂವ ಎಲ್ಲಿ ಹೋದ?"

"ಇಳಕಲ್ಲಿಗೆ. ಟಂಟಂ ಹತ್ತಿಸಿ ಕಳಿಸಿದಾಕಿನ ನಾ."

"ಮತ್ತ ನಮಗ ಹೇಳಬೇಕೋ ಬ್ಯಾಡೋ, ಯವ್ವಾ?"

"ಹೊಳಿಗೆ ಬೀಳೂದು ನೋಡೀಯೇನು ಅಂತ ಕೇಳಿದ್ರಿ. ಟಂಟಂ ಹತ್ತೂದು ನೋಡೀಯೇನು ಅಂತ ಯಾರರ ಕೇಳಿದ್ರೇನು?"

ಗುಂಪು ಅಲ್ಲೇ ಚಾ ಕುಡಿಯಿತು. ಶಾಂತವ್ವನಿಗೆ ಹಾಲು ಸಾಲಲಿಲ್ಲ. ನಾನು ವಾಪಸ್ ಹೋದಾಗ ಮಾಸ್ತರ್ ಗೇಟಿನಲ್ಲಿ ನಿಂತು ನಾಯಿಯ ಬಾಯಿಂದ ಹಗ್ಗ ಬಿಡಿಸಿಕೊಳ್ಳುತ್ತಿದ್ದರು. "ಅವ್ವಯ್ಯ ಅಲ್ಲ, ಅವ್ಯಯ" ಎಂದು ತಮ್ಮಷ್ಟಕ್ಕೆ ಅಂದರು. ಆಮೇಲೆ ಅದರ ತಟ್ಟೆ ಖಾಲಿಯಾಗುವುದನ್ನು ನೋಡುತ್ತ, "ಇರ್ಲಿ ಬಿಡು, ಅವ್ಯಯಕ್ಕೂ ಒಮ್ಮೊಮ್ಮೆ ರೂಪ ಬದಲಾಗ್ತದ" ಎಂದರು. ಸಂಜೆ ಮೂವರು ಹುಡುಗರು ಪಾಠಕ್ಕೆ ಬಂದರಂತೆ. ಗೇಟಿನ ಬರಹವನ್ನು ಮಾಸ್ತರ್ ಅವರ ಕೈಯಿಂದಲೇ ಒರೆಸಿಸಿದರು, ಮೊದಲು ಪ್ರತ್ಯಯ ಬಿಡಿಸಿ.

ಮರುದಿನ ಶೇಖಪ್ಪ ಸರ್ ಹೊಸ ಧಾರಾವಾಹಿ ಘೋಷಿಸಿದರು: ಆ ನಾಯಿಯ ಆತ್ಮಕಥೆ, ದನಿ ನನ್ನದು. ಗಾದಿಗಳ ನಡುವೆ ನಿಂತು ಮೊದಲ ಕಂತಿಗೆ ಬೊಗಳಿದೆ. ಬಾಗಿಲಾಚೆಯಿಂದ ರತ್ನಕ್ಕ "ಹಚಾ" ಎಂದು ಕೂಗಿ ಲಟ್ಟಣಿಗೆ ತಗೊಂಡು ಒಳಗೆ ಬಂದಳು. ನನ್ನನ್ನು ಕಂಡು, "ನೀ ಏನೋ? ಖರೆ ನಾಯಿ ಅಂತ ಮಾಡಿದ್ದೆ" ಎಂದಳು. ಇದಕ್ಕಿಂತ ಮೇಲಿನ ಮೆಟ್ಟಿಲು ಈ ವೃತ್ತಿಯಲ್ಲಿ ಇನ್ನೊಂದಿಲ್ಲ ಎಂದು ಅಲ್ಲೇ ನಿರ್ಧರಿಸಿ ರಾಜೀನಾಮೆ ಕೊಟ್ಟೆ.

ಈಗ ಮಲ್ಲೇಶಪ್ಪ ಕೊಂಡಿ ಹಾಕಾಕ ಇಳಕಲ್ಲಿಗೆ ಹೋದ ದಿನಗಳಲ್ಲಿ ನಾನು ಹಂಗಾಮಿ ಶ್ವಾನಪಾಲಕ. ಮೊದಲ ದಿನ ಗೇಟಿನಲ್ಲಿ ನಿಂತು ಅವನ ದನಿ ತೆಗೆದು "ಅವ್ವಯ್ಯಾ…" ಎಂದು ಕರೆದೆ. ಈ ಸಲ ಮನುಷ್ಯನನ್ನು ಕಂಡು, ಕೇಳಿ, ಎಳೆ ಎಳೆಯಾಗಿ ಕಲಿತ ದನಿ. ಒಳಗಿನಿಂದ ಮಾಸ್ತರ್, "ಮಲ್ಲೇಶಪ್ಪ, ಯಾವಾಗ ಬಂದಿ?" ಎಂದರು. ನಾಯಿ ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿತು. ಹೆಡ್‌ಮಾಸ್ತರರ ದನಿ ತೆಗೆದೆ, ಸರ್ ದನಿ ತೆಗೆದೆ, ಉನ್ನತ ಮೂಲಗಳನ್ನೂ ಬಿಡಲಿಲ್ಲ. ಅದು ಬಾಲವನ್ನೂ ಅಲ್ಲಾಡಿಸಲಿಲ್ಲ.

ಕಡೆಗೆ ಸುಸ್ತಾಗಿ, ಕಟ್ಟೆಯ ಮೇಲೆ ಕೂತು, "ಬಾರೋ ಮಾರಾಯಾ, ನನಗೂ ಚಾ ಕುಡಿಯೋದೈತಿ" ಎಂದೆ.

ಎದ್ದು ಹಗ್ಗ ಕಚ್ಚಿಕೊಂಡು ಬಂತು.